ಶುದ್ಧ ಪಟ್ಟಿಯ ದನಿಗಳು

ಸತ್ತ ಒಂಬತ್ತನೆಯ ತಿಂಗಳಿಗೆ ನನ್ನ ಗಂಡ ಕರ ಮಂಡಳಿಯ ಅಧಿಕಾರಿಯಾದ.

ಸುದ್ದಿ ತಿಳಿದದ್ದು ಕಚೇರಿಯಲ್ಲಿ, ಬೆಳಗಿನ ಚಹಾಕ್ಕೆ ಮುಂಚೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮಂಡಳಿಯ ದೂರು ಕೋಣೆಯಿದೆ. ಮಂಡಳಿಯ ಹೆಸರಿನಲ್ಲಿ ಬರುವ ನಕಲಿ ಮೇಲ್‌ಗಳನ್ನು ಜನ ಅಲ್ಲಿಗೆ ಕಳಿಸುತ್ತಾರೆ. ಕನ್ನಡದವು ನನ್ನ ಮತ್ತು ರೇಷ್ಮಾ ನದಾಫಳ ಪಾಲಿಗೆ. ಹೆಡ್‌ಫೋನ್ ಹಾಕಿಕೊಂಡು ಕೇಳುವುದು, ವಿಂಗಡಿಸುವುದು, ಮುಂದಿನದಕ್ಕೆ ಹೋಗುವುದು. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದವಳಿಗೆ ಸಿಕ್ಕ ಕೆಲಸ ಇದು.

ಮೇಲ್‌ಗಳು ಈಗ ಓದುವಂಥವಲ್ಲ, ಕೇಳುವಂಥವು. ಬರಹದ ನಕಲು ಮಿತಿಮೀರಿದಾಗ ಮಂಡಳಿ ತನ್ನ ಪತ್ರಗಳನ್ನೆಲ್ಲ ಅಧಿಕಾರಿಗಳ ದನಿಯಲ್ಲೇ ಕಳಿಸತೊಡಗಿತು. ಅಕ್ಷರವನ್ನು ಯಾರು ಬೇಕಾದರೂ ಕದಿಯಬಹುದು, ಮನುಷ್ಯನ ದನಿಯನ್ನು ಕದಿಯಲಾಗದು ಎಂದು ಆಗ ಹೇಳಿದರು. ಸಹಿಯೂ ಹೋಯಿತು. ತೆರಿಗೆಗೆ, ಬ್ಯಾಂಕಿಗೆ, ಮನೆ ಮಾರುವುದಕ್ಕೆ, ಎಲ್ಲಕ್ಕೂ ಬಾಯಲ್ಲಿ ‘ಹೌದು’ ಎಂದರೆ ಸಾಕು. ದನಿ ಕದಿಯುವ ಯಂತ್ರ ಬರಲು ಒಂದು ವರ್ಷವೂ ಹಿಡಿಯಲಿಲ್ಲ.

ಅದಕ್ಕೆ ಉತ್ತರವಾಗಿ ಮಂಡಳಿ ತಂದದ್ದು ಜರಡಿ. ಪ್ರತಿ ಫೋನು, ಟಿವಿ, ಸ್ಪೀಕರಿನ ಒಳಗೆ ಕೂತಿರುವ ಸಣ್ಣ ತಂತ್ರಾಂಶ. ಗಂಟಲು, ಮೂಗು, ಹಲ್ಲಿನ ಸಂದಿಗಳಿಂದಾಗಿ ಪ್ರತಿಯೊಬ್ಬರ ದನಿಗೂ ಒಂದು ಅಚ್ಚಿರುತ್ತದೆ. ಜರಡಿ ಆ ಅಚ್ಚನ್ನು ಗುರುತಿಸುತ್ತದೆ. ಅದರ ಬಳಿ ಎರಡು ಪಟ್ಟಿ. ಶುದ್ಧ ಪಟ್ಟಿಯ ದನಿಗೆ ಹಸಿರು ಚುಕ್ಕೆ ತೋರಿಸುತ್ತದೆ. ತಡೆ ಪಟ್ಟಿಯ ದನಿಯಾದರೆ ದೇಶದ ಯಾವ ಯಂತ್ರವೂ ಅದನ್ನು ನುಡಿಸುವುದಿಲ್ಲ. ಕಳ್ಳರು ಬೇಗ ಒಂದು ಪಾಠ ಕಲಿತರು. ಬದುಕಿದವರ ದನಿ ಕದ್ದರೆ ಅವರು ಬಂದು ಕೂಗಾಡುತ್ತಾರೆ. ಸತ್ತವರು ಕೂಗಾಡುವುದಿಲ್ಲ.

ಆ ಬೆಳಿಗ್ಗೆಯ ಮೊದಲ ಮೇಲ್ ಹೀಗಿತ್ತು:

“ನಮಸ್ಕಾರ್ರೀ. ಕರ ಮಂಡಳಿಯಿಂದ ಮಾತಾಡಾಕತ್ತೀನಿ. ನಿಮ್ಮ ಹೋದ ವರ್ಷದ ಲೆಕ್ಕದಾಗ ಒಂದು ಸಣ್ಣ ತಪ್ಪಾಗೇತಿ. ಇವತ್ತ ಸರಿ ಮಾಡ್ಲಿಲ್ಲಂದ್ರ ಖಾತೆ ಬಂದಾಗ್ತೈತಿ. ಗಾಬರಿ ಆಗಬ್ಯಾಡ್ರಿ, ನಾ ಅದೀನಿ. ನಾ ಹೇಳಿದಂಗ ನಿಧಾನಕ ಮಾಡ್ಕೋತ ಹೋಗ್ರಿ. ಕೆಳಗ ಒಂದು ಗುಂಡಿ ಐತಿ, ಒತ್ತಿ ‘ಹೌದು’ ಅನ್ರಿ. ಅಷ್ಟ.”

ಸಂಗಮೇಶ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದ. ಸ್ಟಿಯರಿಂಗ್ ಹಿಡಿದು ನಡುಗುವವರ ಪಕ್ಕ ಕೂತು ಮೆಲ್ಲಗೆ ಮಾತಾಡುವುದೇ ಅವನ ಕಸುಬು. ಕ್ಲಚ್ ಬಿಡ್ರಿ, ನಿಧಾನ, ಗಾಬರಿ ಆಗಬ್ಯಾಡ್ರಿ, ನಾ ಅದೀನಿ. ಬೈಪಾಸಿನಲ್ಲಿ ಲಾರಿಯೊಂದು ಹಿಂದಿನಿಂದ ಬಂದು ಗುದ್ದುವವರೆಗೂ ಅವನು ಅದನ್ನೇ ಹೇಳುತ್ತಿದ್ದನಂತೆ. ಕಲಿಯುತ್ತಿದ್ದ ಹುಡುಗಿ ಬದುಕಿದಳು, ಅವಳೇ ಹೇಳಿದ್ದು.

ನಾನು ನಿಯಮದಂತೆ ಗುರುತು ಹಾಕಿದೆ. ಕಳಿಸಿದವರ ವಿಳಾಸ: ‘ಮಂಡಳಿ’ಯಲ್ಲಿ ‘ಳ’ದ ಬದಲು ‘ಲ’. ಆತುರಪಡಿಸುವುದು: ಇದೆ. ಹೆದರಿಸುವುದು: ಇದೆ. ಕೇಳಿದ್ದು: ದನಿಸಹಿ. ನಿರ್ಧಾರ: ನಕಲಿ. ಆಮೇಲೆ ಮುಂದಿನದಕ್ಕೆ ಹೋಗಲಾಗಲಿಲ್ಲ.

“ಏ ಸಹನಾ, ಯಾಕ ಕಲ್ಲಾಗಿ ಕುಂತಿ? ಚಾ ಆರಾಕತ್ತೈತಿ ನೋಡು,” ಎಂದಳು ರೇಷ್ಮಾ.

“ಸಂಗಮೇಶ ಬಂದಾನ.”

“ಎಲ್ಲಿ?”

“ಕಿವ್ಯಾಗ.”

ಅವಳು ನನ್ನ ಹೆಡ್‌ಫೋನ್ ಕಿತ್ತು ತನ್ನ ಕಿವಿಗೆ ಇಟ್ಟುಕೊಂಡಳು. ಅವಳಿಗೂ ಕಾರು ಕಲಿಸಿದವನು ಅವನೇ. ಮೇಲ್ ಮುಗಿಯುವ ಮೊದಲೇ ತೆಗೆದು ಮೇಜಿನ ಮೇಲಿಟ್ಟು ಒಂದು ಬೈಗುಳ ಬೈದಳು. ಅದನ್ನು ಇಲ್ಲಿ ಬರೆಯಲಾರೆ. ಅಂದು ಇಡೀ ದಿನ ಕಚೇರಿಯಲ್ಲಿ ಯಾರಾದರೂ ಆಡಿದ ಸರಿಯಾದ ಮಾತು ಅದೊಂದೇ.

*

ದನಿ ಎಲ್ಲಿಂದ ಹೋಯಿತು ಎಂದು ಹುಡುಕಬೇಕಾಗಲಿಲ್ಲ. ಅತ್ತೆ ಸುವರ್ಣಾ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ತಾವೇ ಹೇಳಿದರು.

“ಹೂನವಾ, ನಾನ ಕಳಿಸೀನಿ. ಕರ ಮಂಡಳಿಯವ್ರು ಕೇಳಿದ್ರು. ಸತ್ತವರ ಖಾತೆ ಮುಚ್ಚಾಕ ದನಿ ಬೇಕಂತ. ಎಷ್ಟ ಛಂದ ಮಾತಾಡಿದ್ರಂತಿ! ‘ತಾಯೀ, ನಿಮ್ಮ ದುಃಖದಾಗ ನಾವೂ ಅದೀವಿ’ ಅಂತ. ನನಗ ಅಳುನ ಬಂತು.”

“ಎಷ್ಟು ಕಳಿಸಿದ್ರಿ?”

“ಇದ್ದದ್ದಷ್ಟೂ. ಛಲೋ ಛಲೋವು ಆರಿಸಿ ಮದಲ ಹಾಕಿದೆ. ಸರಕಾರದಾಗ ಅವನ ದನಿ ಇರ್ತೈತಿ ಅಂತ ತಿಳ್ಕೊಂಡೆ.”

ಮಂಡಳಿಯ ನಿಜವಾದ ಪತ್ರ ಬಂದದ್ದು ಅದಕ್ಕೂ ಮೊದಲು. ‘ಮೃತ ತೆರಿಗೆದಾರರಾದ ತಾವು ಮೂವತ್ತು ದಿನಗಳೊಳಗೆ ಖುದ್ದು ಹಾಜರಾಗತಕ್ಕದ್ದು’ ಎಂದು ಸಂಗಮೇಶನಿಗೇ ಹೇಳಿ ಕಳಿಸಿದ್ದರು. ನಕಲಿ ಎಂದು ಅತ್ತೆ ಅದನ್ನು ಅಳಿಸಿ ಹಾಕಿದ್ದರು. ಕಳ್ಳರು ತಾಯೀ ಎಂದರು. ಅತ್ತೆ ಅವರನ್ನು ನಂಬಿದರು. ಅತ್ತೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸತ್ತವನನ್ನು ಹಾಜರಾಗು ಎಂದವರ ಮೇಲೆ ಬಂತು. ಬಂದದ್ದು ಇನ್ನೂ ಹೋಗಿಲ್ಲ.

ಆ ಮನೆಯಲ್ಲಿ ದಿನ ಶುರುವಾಗುತ್ತಿದ್ದುದೇ ಅವನ ದನಿಯಿಂದ. ಅತ್ತೆ ಒಲೆ ಹಚ್ಚುವ ಮುಂಚೆ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸುತ್ತಿದ್ದರು. “ಅವ್ವಾ, ಗುಳಿಗಿ ತಗೊಂಡಿ?” “ಅವ್ವಾ, ಸಂಜೀಕ ತಡ ಆಗ್ತೈತಿ, ಹಾದಿ ಕಾಯಬ್ಯಾಡ.” ನಾನು ಆ ಹೊತ್ತಿಗೆ ಸ್ನಾನಕ್ಕೆ ಹೋಗುತ್ತಿದ್ದೆ. ನೀರಿನ ಸದ್ದಿನಲ್ಲೂ ಕೇಳುತ್ತಿತ್ತು.

“ಅತ್ತಿ, ದೂರು ಕೊಡಬೇಕಾಗ್ತೈತ್ರಿ.”

“ಕೊಡು. ನಿಂದ ಆಫೀಸು.”

“ನಾ ಕೊಟ್ರ ಆಗಂಗಿಲ್ಲ. ಮದುವಿಯಾಗಿ ಐದು ವರ್ಷ ತುಂಬಿರಬೇಕಂತ. ಇಲ್ಲಂದ್ರ ಸತ್ತವರ ದನಿಗೆ ಹಡದವರಽ ವಾರಸುದಾರರು.”

“ಹಂಗಾರ ನೀ ಅವನಿಗೆ ಯಾರಂತ?”

ನಾನು ಉಳಿದದ್ದನ್ನು ಹೇಳಿದೆ. ದೂರು ಕೊಟ್ಟರೆ ದನಿ ತಡೆ ಪಟ್ಟಿಗೆ ಹೋಗುತ್ತದೆ. ಕಳ್ಳರು ಅವನ ದನಿಯಲ್ಲಿ ಕಳಿಸಿದ ಯಾವ ಮೇಲ್ ಕೂಡ ಯಾರಿಗೂ ಕೇಳಿಸದು. ಆದರೆ ಜರಡಿಗೆ ಬದುಕಿದ್ದಾಗ ಆಡಿದ ಮಾತು, ಸತ್ತ ಮೇಲೆ ಕಟ್ಟಿದ ಮಾತು ಎಂಬ ಭೇದ ತಿಳಿಯುವುದಿಲ್ಲ. ಅಚ್ಚು ಒಂದೇ. ಈ ಫೋನಿನಲ್ಲಿರುವುದೂ ಹೋಗುತ್ತದೆ. ಮದುವೆಯ ವಿಡಿಯೊದಲ್ಲಿರುವುದೂ ಹೋಗುತ್ತದೆ.

ಅತ್ತೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದರು.

“ಒಮ್ಮೆ ಹುಗದು ಬಂದೀನಿ,” ಎಂದರು. “ಎರಡನೇ ಸರ್ತಿ ನನ್ನಿಂದಾಗಂಗಿಲ್ಲ. ಮಾತ ತಗೀಬ್ಯಾಡ.”

*

ಮರುವಾರ ಕಚೇರಿಯ ಬಾಗಿಲಿಗೆ ಗದಗದಿಂದ ಒಬ್ಬ ಹೆಂಗಸು ಬಂದಳು. ದೂರು ಕೋಣೆಗೆ ಮನುಷ್ಯರು ಬರುವ ಪದ್ಧತಿಯಿಲ್ಲ. ಕಾವಲುಗಾರ ತಡೆದ. ಅವಳು ಮೆಟ್ಟಿಲ ಮೇಲೆ ಕೂತಳು. ಹೆಸರು ಕಸ್ತೂರಿ. ಸ್ಟೇಶನ್ ಹತ್ತಿರ ಖಾನಾವಳಿ ನಡೆಸುತ್ತಿದ್ದಳು.

“ಮೇಲ್ ಬಂತ್ರಿ. ನಾ ಅಂಥಾವೆಲ್ಲಾ ಅಳಿಸಿ ಒಗೆಯಾಕಿ. ಯಾರರೆ ಜೋರ ಮಾಡಿದ್ರ ನನಗ ಗೊತ್ತಾಗ್ತೈತಿ, ಕಳ್ಳರಂತ. ಇಂವ ಜೋರ ಮಾಡ್ಲಿಲ್ರಿ. ಗಾಬರಿ ಆಗಬ್ಯಾಡ್ರಿ, ನಾ ಅದೀನಿ ಅಂದ. ನನ್ನ ಜಲ್ಮದಾಗ ಯಾವ ಗಂಡಸೂ ನನಗ ಹಂಗಂದಿಲ್ರಿ. ‘ಹೌದು’ ಅಂದೆ.”

ಆ ಒಂದು ‘ಹೌದು’ ಕತ್ತರಿಸಿ ಬೇರೆಲ್ಲೋ ಅಂಟಿಸಿದರು. ಖಾನಾವಳಿ ಬೇರೆಯವರ ಹೆಸರಿಗೆ ಹೋಯಿತು. ಅವಳು ಕಾಯಿಪಲ್ಲೆ ತರಲು ಹೋಗಿ ಬರುವಷ್ಟರಲ್ಲಿ ಬಾಗಿಲಿಗೆ ಹೊಸ ಕೀಲಿ ಬಿದ್ದಿತ್ತು. ಒಲೆಯ ಮೇಲೆ ಬೇಳೆ ಇಟ್ಟು ಹೋಗಿದ್ದಳಂತೆ. ಅದನ್ನೇ ಮತ್ತೆ ಮತ್ತೆ ಹೇಳಿದಳು. ಬೇಳೆ ಹೊತ್ತಿರಬೇಕು ನೋಡ್ರಿ, ಒಳಗ ಬಿಡ್ಲಿಲ್ಲ ನನ್ನ.

ಊಟದ ಹೊತ್ತಾಗಿತ್ತು. ನಮ್ಮ ಮನೆ ಎರಡು ಓಣಿ ಆಚೆ. “ಬರ್ರಿ, ಊಟಾ ಮಾಡಿ ಹೋಗೀರಂತ,” ಎಂದೆ. ಒಳ್ಳೆಯತನದಿಂದ ಕರೆಯಲಿಲ್ಲ.

ಅತ್ತೆ ತಾಟು ಹಾಕಿದರು. ಬಂದವಳು ಯಾರೆಂದು ಕೇಳಲಿಲ್ಲ. ಕಸ್ತೂರಿ ಒಂದು ತುತ್ತು ತಿಂದು, ಬೇರೆಯವರ ಕೈಯಡುಗೆ ಉಂಡು ಎಷ್ಟು ವರ್ಷವಾಯಿತೆಂದು ನಕ್ಕಳು. ನಂತರ ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕೈಯಲ್ಲಿದ್ದ ರೊಟ್ಟಿ ಮುರಿದು ಪುಡಿಯಾಯಿತು.

“ನಾ ಅದೀನಿ ಅಂದಾನ ನೋಡ್ರೀ ಯಕ್ಕಾ! ಹೆತ್ತಾಕಿ ಏನು ಕಲಿಸಿದ್ಲೋ ಅವನಿಗೆ! ಅವನ ಬಾಯಾಗ ಮಣ್ಣು ಬೀಳ್ಲಿ!”

ಅತ್ತೆ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟರು.

“ಬಿದ್ದೈತಿ ತಂಗಿ,” ಎಂದರು. “ಮದಲಿನ ಹಿಡಿ ನಾನ ಹಾಕೀನಿ.”

ಕಸ್ತೂರಿಗೆ ತಿಳಿಯಲಿಲ್ಲ. ಅತ್ತೆ ಗೋಡೆಯ ಫೋಟೊ ತೋರಿಸಿದರು. ಆಮೇಲೆ ಫೋನನ್ನು ತೆಗೆದು ಹಿಟ್ಟಿನ ಡಬ್ಬಿಗೆ ಆನಿಸಿದರು. ಅವ್ವಾ, ಗುಳಿಗಿ ತಗೊಂಡಿ? ಕಸ್ತೂರಿ ತಾಟಿನಿಂದ ಎದ್ದು ನಿಂತಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ಗುರುತು. ಪರಿಚಿತನೊಬ್ಬ ಬಾಗಿಲಿಗೆ ಬಂದಾಗ ಮೂಡುವಂಥದ್ದು. ಅದನ್ನು ನೋಡಿದ ಮೇಲೆ ಅತ್ತೆ ಫೋನನ್ನು ಮಗುಚಿ ಇಟ್ಟರು.

ಹೋಗುವಾಗ ಕಸ್ತೂರಿ ಹೊಸ್ತಿಲಲ್ಲಿ ನಿಂತು, “ಯಕ್ಕಾ, ಬೈದೆನಲ್ಲಾ,” ಎಂದಳು. “ಅಂವಗಲ್ಲ ಬಿಡವಾ ನೀ ಬೈದದ್ದು,” ಎಂದರು ಅತ್ತೆ. ಬಾಗಿಲು ಹಾಕಿ ನನ್ನ ಕಡೆ ತಿರುಗಿದರು.

“ಉದ್ದೇಶಾ ಇಟ್ಕೊಂಡ ಕರ್ಕೊಂಡ ಬಂದಿ.”

“ಹೂಂ.”

“ದೂರು ಹಚ್ಚು. ನನ್ನ ಮನಸ್ಸು ಬದಲಾಗೂದ್ರಾಗ ಹಚ್ಚು.”

*

ಜರಡಿ ದೂರು ತೆಗೆದುಕೊಳ್ಳುವ ಕ್ರಮ ಸರಳ. ಮೊದಲು ನಕಲಿ ಮೇಲ್ ಅನ್ನು ವಾರಸುದಾರರಿಗೆ ಕೇಳಿಸುತ್ತದೆ. ನಂತರ ಒಂದೇ ಪ್ರಶ್ನೆ. ಅತ್ತೆ ಸೆರಗು ಸರಿಮಾಡಿಕೊಂಡು, ಯಾರೋ ಎದುರಿಗೆ ಕೂತಿದ್ದಾರೆಂಬಂತೆ ಫೋನಿನ ಮುಂದೆ ಕೂತರು. ಮಗನ ದನಿ ಖಾತೆ ಬಂದಾಗುತ್ತದೆ ಎಂದಿತು, ಗುಂಡಿ ಒತ್ತಿರಿ ಎಂದಿತು. ಅತ್ತೆ ಕಣ್ಣು ಮುಚ್ಚಲಿಲ್ಲ.

ಜರಡಿ ಕೇಳಿತು: “ಈ ಧ್ವನಿಯು ನಿಮ್ಮ ಮೃತ ಸಂಬಂಧಿಯ ಧ್ವನಿಯೇ ಆಗಿರುತ್ತದೆಯೇ? ಹೌದು ಅಥವಾ ಅಲ್ಲ ಎಂದು ಹೇಳಿರಿ.”

“ಅಲ್ಲ,” ಎಂದರು ಅತ್ತೆ.

“ಧನ್ಯವಾದಗಳು. ನಿಮ್ಮ ದೂರನ್ನು ವಜಾಗೊಳಿಸಲಾಗಿದೆ.”

“ಅತ್ತಿ!”

“ಯಾಕ?”

“ಹೌದು ಅನ್ನಬೇಕಿತ್ರಿ! ಹೌದು ಅಂದಿದ್ರ ಬಂದಾಗ್ತಿತ್ತು!”

“ಹೌದು ಅನ್ಲೇನು?” ಅತ್ತೆಗೆ ನಿಜಕ್ಕೂ ಅರ್ಥವಾಗಿರಲಿಲ್ಲ. “ಆ ಗದಗಿನ ಹೆಣಮಗಳ ಒಲಿ ಕಸ್ಕೊಂಡಾಂವ ನನ್ನ ಸಂಗು ಅಂತ, ನನ್ನ ಬಾಯಿಂದ ನಾ ಹೇಳ್ಲೇನು? ನನ್ನ ಮಗಾ ಇಂಥಾ ಮಾತ ಆಡಿಲ್ಲ. ಆಡಾಂವಲ್ಲ.”

“ದನಿ ಅವಂದ ಐತಲ್ರಿ.”

“ದನಿ ಅಷ್ಟ ಮಗನೇನ?”

ವಾರಸುದಾರರು ಒಮ್ಮೆ ಉತ್ತರಿಸಿದರೆ ಮುಗಿಯಿತು, ಎರಡನೆಯ ದೂರಿಲ್ಲ. ಮಾರನೆಯ ಬೆಳಿಗ್ಗೆ ಕಚೇರಿಯಲ್ಲಿ ನನ್ನ ಗಂಡನ ದನಿಯ ಮೇಲ್‌ಗಳು ರಾಶಿ ಬಿದ್ದಿದ್ದವು. ಪ್ರತಿಯೊಂದರ ತಲೆಯ ಮೇಲೂ ಹಸಿರು ಚುಕ್ಕೆ. ತಕರಾರು ತೀರಿದ ದನಿ ಎಂದು ಜರಡಿ ಅವನನ್ನು ಶುದ್ಧ ಪಟ್ಟಿಗೆ ಸೇರಿಸಿತ್ತು. ಮಂಡಳಿಯ ನಿಜವಾದ ಅಧಿಕಾರಿಗಳೂ ಇರುವ ಪಟ್ಟಿ ಅದು.

ನನಗೆ ಅನುಮಾನ ಬಂದದ್ದು ಆಗ. ವಜಾ ಆದ ದೂರುಗಳನ್ನು ಯಾರೂ ಕೇಳುವುದಿಲ್ಲ. ಕೇಳುವುದು ನಮ್ಮ ಕೆಲಸವಲ್ಲ. ನಾನು ತೆರೆದೆ.

“ಅಲ್ಲರೀ, ನಮ್ಮನಿಯವರು ಯಾರಿಗೂ ಹಿಂಗ ಹೆದರಿಸಿದವರಲ್ಲ.” ಇದು ವಿಜಯಪುರದ್ದು.

“ಅವ್ರಲ್ಲ ಕಣಪ್ಪ. ಅವ್ರು ಸತ್ಯವಂತ್ರು.” ಮಂಡ್ಯದ ಕಡೆಯದು.

“ಅಲ್ಲ ಮಾರಾಯ್ರೆ, ನನ್ನ ತಮ್ಮನಿಗೆ ತೆರಿಗೆ ಅಂದ್ರೆ ಎಂತ ಅಂತ್ಲೇ ಗೊತ್ತಿರ್ಲಿಲ್ಲ.” ಕುಂದಾಪುರ.

ಒಬ್ಬ ಹುಡುಗಿ ಏನೂ ವಿವರಿಸಿರಲಿಲ್ಲ. ಅಲ್ಲ, ಅಲ್ಲ, ಅಲ್ಲ ಎಂದು ಜರಡಿ ನಿಲ್ಲಿಸುವವರೆಗೂ ಹೇಳಿದ್ದಳು. ವಜಾ, ವಜಾ, ವಜಾ. ಎಲ್ಲ ದನಿಗೂ ಹಸಿರು ಚುಕ್ಕೆ. ತನ್ನವರ ಬಾಯಲ್ಲಿ ಕಳ್ಳ ಮಾತಾಡುವುದನ್ನು ಕೇಳಿದವರು ಬೇರೆ ಏನು ಹೇಳಿಯಾರು? ನಮ್ಮ ಜನ ಅಚ್ಚಿಗೆ ಉತ್ತರ ಕೊಟ್ಟಿರಲಿಲ್ಲ, ಮನುಷ್ಯನಿಗೆ ಕೊಟ್ಟಿದ್ದರು. ಪ್ರಶ್ನೆ ಕೇಳಿದವರು ಒಬ್ಬ ತಾಯಿಯ ಎದುರು ಕೂತು ಅದನ್ನು ಒಮ್ಮೆಯೂ ಓದಿ ನೋಡಿರಲಿಲ್ಲ.

ರೇಷ್ಮಾ ನನ್ನ ಹೆಗಲ ಮೇಲಿಂದ ಪಟ್ಟಿ ನೋಡಿದಳು.

“ಸತ್ತವ್ರೆಲ್ಲಾ ಸರಕಾರಿ ನೌಕರಿ ಹಿಡದಾರಲ್ಲ! ನಾವ ಹುಚ್ಚರು, ಪರೀಕ್ಷಾ ಬರದ ಬಂದ್ವಿ.” ನಗಲಿಕ್ಕೆ ಹೋಗಿ ಅವಳಿಂದ ಆಗಲಿಲ್ಲ. “ನಮ್ಮ ಅಮ್ಮಿನೂ ‘ಅಲ್ಲ’ನ ಅಂತಿದ್ಲು, ಸಹನಾ.”

*

ನಮ್ಮ ಮುಖ್ಯಸ್ಥರು ಜವಳಿ ಸರ್. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಿತ್ತು.

“ಸರ್, ಪ್ರಶ್ನೆ ತಪ್ಪೈತ್ರಿ.”

“ಪ್ರಶ್ನಿ ಮ್ಯಾಲಿಂದ ಬಂದೈತ್ರಿ. ಇಂಗ್ಲಿಷಿನಾಗ ಸರಿ ಐತಿ.”

“ಇಂಗ್ಲಿಷಿನಾಗ ಯಾರೂ ಸತ್ತಿಲ್ರಿ ಇಲ್ಲೆ.”

ಅವರು ಕನ್ನಡಕ ತೆಗೆದು ಒರೆಸಿದರು. “ನೋಡ್ರಿ, ನಿಮ್ಮ ದುಃಖ ನನಗ ತಿಳೀತೈತಿ. ಹೆಸರು ಸಹನಾ ಅಂತ ಐತಿ, ಸ್ವಲ್ಪ ಹೆಸರಿಗೆ ತಕ್ಕಂಗ ಇರ್ರಿ. ಸೋಮವಾರ ಮೀಟಿಂಗ್ ಐತಿ. ಶುದ್ಧ ಪಟ್ಟಿ ಬೆಳದದ್ದಕ್ಕ ನಮ್ಮ ಕೋಣೆ ಹೆಸರು ಮುಂದೈತಿ ಈ ಸಲ. ಅದು ಮುಗೀಲಿ. ಆಮ್ಯಾಲ ಒಂದು ಕಮಿಟಿ ಮಾಡಿ ಅಂತ ಬರೆಯೂಣು.”

“ಆ ಪಟ್ಟಿ ತುಂಬಾ ಹೆಣ ಅದಾವ್ರಿ, ಸರ್.”

“ಹಂಗೆಲ್ಲಾ ಮಾತಾಡಬ್ಯಾಡ್ರಿ ಆಫೀಸಿನಾಗ.”

ನಾನು ನನ್ನ ಮೇಜಿಗೆ ಬಂದೆ. ಜರಡಿಯ ಕನ್ನಡ ಪಠ್ಯದಲ್ಲಿ ಕಾಗುಣಿತ ತಿದ್ದುವ ಅಧಿಕಾರ ಈ ಕೋಣೆಯಲ್ಲಿ ನನಗೊಬ್ಬಳಿಗೇ ಇದೆ. ನನ್ನ ದನಿಗಷ್ಟೇ ಆ ಬೀಗ ತೆರೆಯುತ್ತದೆ. ಒತ್ತಕ್ಷರ ಸರಿಪಡಿಸುವುದಕ್ಕೆಂದು ಕೊಟ್ಟದ್ದು. ಎಷ್ಟು ಅಕ್ಷರ ತಿದ್ದಿದರೆ ಅದು ಕಾಗುಣಿತ, ಎಷ್ಟು ತಿದ್ದಿದರೆ ಅಪರಾಧ ಎಂದು ಎಲ್ಲೂ ಬರೆದಿಲ್ಲ. ಹಳೆಯ ಸಾಲನ್ನು ಅಳಿಸಿದೆ. ಹೊಸದನ್ನು ಬರೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ:

‘ನಿಮ್ಮವರ ದನಿಯನ್ನು ಕದ್ದಿದ್ದಾರೆಯೇ?’

ತಿದ್ದುಪಡಿ ಸರಿಯೇ ಎಂದು ಯಂತ್ರ ಕೇಳಿತು. ಹೌದು ಎಂದೆ. ಜರಡಿಗೆ ಒಂದು ಕಾನೂನಿದೆ, ವಕೀಲರು ಮಾಡಿಸಿದ್ದು. ಪ್ರಶ್ನೆಯ ಪಠ್ಯ ಬದಲಾದರೆ ಹಳೆಯ ಉತ್ತರಗಳು ರದ್ದು, ಎಲ್ಲರನ್ನೂ ಮತ್ತೆ ಕೇಳಬೇಕು. ವಿಜಯಪುರಕ್ಕೆ, ಮಂಡ್ಯಕ್ಕೆ, ಕುಂದಾಪುರಕ್ಕೆ, ಆ ಹುಡುಗಿಗೆ, ಎಲ್ಲ ಕಡೆಗೂ ಪ್ರಶ್ನೆ ಹೊರಟಿತು. ಶನಿವಾರದ ಮಧ್ಯಾಹ್ನ. ಜನ ಮನೆಯಲ್ಲಿರುವ ಹೊತ್ತು.

ಪರದೆಯ ಮೇಲೆ ಹಸಿರು ಚುಕ್ಕೆಗಳು ಒಂದೊಂದಾಗಿ ಆರತೊಡಗಿದವು. ರೇಷ್ಮಾ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಇಬ್ಬರೂ ಉತ್ತರಗಳನ್ನು ಕೇಳಿದೆವು. ಹೌದು, ಹೌದ್ರೀ, ಹ್ಞೂ ಕದ್ದವ್ರೆ, ಹೌದು ಮಾರಾಯ್ರೆ. ಕೆಲವರು ಒಂದು ಪದಕ್ಕೆ ನಿಲ್ಲಲಿಲ್ಲ, ಬೈದರು. ಜರಡಿ ಬೈಗುಳವನ್ನೂ ಹೌದೆಂದೇ ಬರೆದುಕೊಂಡಿತು. ಆ ಯಂತ್ರ ಸರಿಯಾಗಿ ಮಾಡಿದ್ದು ಅದೊಂದನ್ನೇ.

*

ನಾನು ಮನೆಗೆ ಬಂದಾಗ ಅತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದರು. ಫೋನು ಪಕ್ಕದಲ್ಲಿತ್ತು.

“ಕೇಳ್ತು,” ಎಂದರು. “ಈ ಸಲ ಕನ್ನಡದಾಗ ಕೇಳ್ತು.”

“ಏನಂದ್ರಿ?”

“ಕದ್ದಾರ ಅಂದೆ.”

“ಅದಕ್ಕೂ ಮದಲ ಒಮ್ಮೆ ಅವನ ದನಿ ಕೇಳ್ಕೊಂಡ್ರೇನ್ರಿ?”

“ಕೇಳಿದ್ರ ಅನ್ನಾಕ ಆಗ್ತಿರ್ಲಿಲ್ಲ.” ಖಾರದ ಕೈಯನ್ನು ಮುಖದಿಂದ ದೂರ ಹಿಡಿದುಕೊಂಡಿದ್ದರು. “ಹಚ್ಚಿ ನೋಡು. ನನಗ ಕೈ ಖಾರ ಐತಿ.”

ಹಚ್ಚಿದೆ. ವಿಡಿಯೊದಲ್ಲಿ ಸಂಗಮೇಶ ಕಾರಿನಲ್ಲಿ ಕೂತು ನಮ್ಮ ಕಡೆ ನೋಡಿ ತುಟಿ ಆಡಿಸಿದ. ಹಿಂದೆ ಟ್ರಾಫಿಕ್ಕಿನ ಸದ್ದು ಕೇಳುತ್ತಿತ್ತು. ಒಂದು ಆಟೊದ ಹಾರ್ನ್, ಯಾರೋ ಬಾಳೆಹಣ್ಣು ಮಾರುವವನ ಕೂಗು. ಜರಡಿ ಅವರನ್ನೆಲ್ಲ ಬಿಟ್ಟು ಅವನೊಬ್ಬನನ್ನೇ ನೀಟಾಗಿ ತೆಗೆದಿತ್ತು. ಅವನು ಏನು ಹೇಳುತ್ತಿದ್ದಾನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನನಗೆ ಅಳು ಬರಲಿಲ್ಲ. ಒಂಬತ್ತು ತಿಂಗಳಿಂದ ಬಂದಿಲ್ಲ. ಬಂದದ್ದು ಬೇರೆ. ಆ ಮನೆಯಲ್ಲಿ ಒಡೆಯಬಹುದಾದದ್ದನ್ನೆಲ್ಲ ಒಡೆಯಬೇಕೆನಿಸಿತು. ಒಂದು ಲೋಟವನ್ನೂ ಒಡೆಯದೆ ಫೋನನ್ನು ಇದ್ದಲ್ಲೇ ಇಟ್ಟೆ.

ಭಾನುವಾರ ಜವಳಿ ಸರ್ ಫೋನು ಮಾಡಿದರು. ನಾನು ಹಿಟ್ಟು ನಾದುತ್ತಿದ್ದೆ. ಅತ್ತೆ ಸ್ಪೀಕರ್ ಹಾಕಿದರು.

“ಏನ್ ಮಾಡೀರ್ರೀ ಇದು? ಶುದ್ಧ ಪಟ್ಟಿ ಅರ್ಧಾ ಖಾಲಿ ಆಗೇತಿ! ಕಾಗುಣಿತ ತಿದ್ದು ಅಂದ್ರ ಪ್ರಶ್ನಿನ ತಿದ್ದೂದೇನ್ರೀ?”

“ತಪ್ಪಿತ್ರಿ, ಸರ್. ತಿದ್ದಿದೆ.”

“ನಾಳೆ ಮೀಟಿಂಗಿನಾಗ ನಾ ಏನ್ ಹೇಳ್ಲಿ? ಇಷ್ಟು ದಿನಾ ಸತ್ತವರಿಗೆ ನಾವ ಹಸಿರು ಚುಕ್ಕಿ ಹಚ್ಚೀವಿ ಅಂತ ಹೇಳ್ಲೇನು? ಹಳೇದು ಹಾಕ್ರಿ. ನಿಮ್ಮ ದನಿ ಬೇಕು ಅದಕ್ಕ. ಇಲ್ಲೇ ಫೋನಿನಾಗ ಒಂದು ‘ಹೌದು’ ಅಂದುಬಿಡ್ರಿ, ಮುಗೀತು. ನಿಮ್ಮ ಮ್ಯಾಲೆ ಏನೂ ಬರದಂಗ ನಾ ನೋಡ್ಕೋತೀನಿ.”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಫೋನಿನ ಹತ್ತಿರ ಬಾಗಿದರು.

“ಯಾರಪ್ಪಾ ನೀನು?”

“ನಮಸ್ಕಾರ್ರೀ ಅಮ್ಮಾ. ನಾ ಕರ ಮಂಡಳಿಯಿಂದ... ಸಹನಾ ಅವರ ಸಾಹೇಬ್ರು.” ದನಿ ತಟ್ಟನೆ ಮೆತ್ತಗಾಯಿತು. “ನಿಮಗೂ ಇದರಾಗ ಒಳ್ಳೇದೈತ್ರಿ. ಹಳೇ ಪ್ರಶ್ನಿ ಬಂತಂದ್ರ ಈಗಿನ ಉತ್ತರಾ ಎಲ್ಲಾ ರದ್ದಾಗ್ತಾವು. ನಿಮ್ಮ ಮಗನ ದನಿ ವಾಪಸ್ ಬರ್ತೈತಿ. ಇವತ್ತ ಬರ್ತೈತಿ.”

ಅತ್ತೆ ನನ್ನನ್ನು ನೋಡಿದರು. ಜವಳಿ ಸರ್ ಸುಳ್ಳು ಹೇಳುತ್ತಿರಲಿಲ್ಲ. ನಾನು ತಲೆಯಾಡಿಸಿದೆ. ಅತ್ತೆಯ ಕಣ್ಣು ಒಲೆಯ ಕಡೆ ಹೋಯಿತು, ಹಿಟ್ಟಿನ ಡಬ್ಬಿಯ ಕಡೆ ಹೋಯಿತು. ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ದನಿ ಅವರ ಮಗನದು. ನನಗೆ ಅದರ ಮೇಲೆ ಹಕ್ಕಿಲ್ಲವೆಂದು ಮಂಡಳಿಯೇ ಬರೆದಿದೆ.

“ನನ್ನ ಮನ್ಯಾಗಷ್ಟ ಬರ್ತೈತೋ, ಎಲ್ಲಾ ಕಡೆ ಬರ್ತೈತೋ?”

“ಅಂದ್ರ... ಎಲ್ಲಾ ಕಡೆ ಬರ್ತೈತ್ರಿ. ಅದೇನು ಬ್ಯಾರೆ ಬ್ಯಾರೆ ಮಾಡಾಕ ಬರಂಗಿಲ್ಲ.”

ಆಚೆ ಕಡೆಯಿಂದ ಜವಳಿ ಸರ್ ಉಸಿರಾಡುವುದು ಕೇಳುತ್ತಿತ್ತು. ಆಮೇಲೆ ಅತ್ತೆ ಫೋನನ್ನು ಎತ್ತಿ ನನ್ನ ಹಿಟ್ಟಿನ ಕೈಗೆ ಕೊಟ್ಟರು.

“ಸಹನಾ, ಯಾರೋ ಕರ ಮಂಡಳಿಯಿಂದ ಅಂತ ಹೇಳಾಕತ್ತಾನ. ಸತ್ತ ಮಗನ್ನ ವಾಪಸ್ ಕೊಡ್ತೀನಿ ಅಂತಾನ. ಅದಕ್ಕ ನೀ ಒಂದು ‘ಹೌದು’ ಅನ್ನಬೇಕಂತ. ಅದೂ ಇವತ್ತಽ ಅನ್ನಬೇಕಂತ.” ಅವರ ದನಿಯಲ್ಲಿ ಏರಿಳಿತವೇ ಇರಲಿಲ್ಲ. “ಕಳ್ಳ ಅದಾನ. ದೂರು ಹಚ್ಚು.”

“ಅಮ್ಮಾ, ಅಮ್ಮಾ, ನಾ ಖರೇನ ಮಂಡಳಿಯಾಂವ...”

ಪರದೆಯ ಮೂಲೆಯಲ್ಲಿ ಕಳ್ಳ ಕರೆಯ ಮೇಲೆ ದೂರು ಕೊಡುವ ಕೆಂಪು ಗುಂಡಿ ಇತ್ತು. ಒತ್ತಿದೆ. ಕರೆ ಕಡಿಯಿತು, ಜರಡಿಯ ದನಿ ಬಂತು.

“ಕರೆ ಮಾಡಿದವರು ನಿಮಗೆ ಏನು ಮಾಡಲು ಹೇಳಿದರು?”

“ಸುಮ್ಮನಿರಲು,” ಎಂದೆ.